ಮೇರಿಯನ್ ಬರೆದ ಊರು

ಆಸ್ಟ್ರೇಲಿಯದ ರಾಜಧಾನಿ ಯಾವುದೆಂದು ಕೇಳಿದರೆ ತರಗತಿಯ ಅರ್ಧ ಮಕ್ಕಳು ಸಿಡ್ನಿ ಎನ್ನುತ್ತಾರೆ, ಇನ್ನರ್ಧ ಮೆಲ್ಬರ್ನ್. ಮಕ್ಕಳನ್ನು ಗದರಿ ಫಲವಿಲ್ಲ. ಆ ಎರಡು ಊರುಗಳ ಜಗಳದಿಂದಲೇ ಕ್ಯಾನ್‌ಬೆರಾ ಹುಟ್ಟಿದ್ದು. 1901ರಲ್ಲಿ ಆರು ವಸಾಹತುಗಳು ಸೇರಿ ಒಂದು ದೇಶವಾದಾಗ ರಾಜಧಾನಿಯ ಪಟ್ಟ ತನಗೇ ಬೇಕೆಂದು ಸಿಡ್ನಿ, ತನಗೇ ಎಂದು ಮೆಲ್ಬರ್ನ್. ಬೀಗದ ಕೈ ಯಾವ ಸೊಸೆಯ ಸೆರಗಿಗೆ ಎಂಬಂಥ ಪ್ರಶ್ನೆ! ಕೊನೆಗೆ ಸಂವಿಧಾನದಲ್ಲಿಯೇ ಬರೆದುಕೊಂಡರು: ರಾಜಧಾನಿ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿರಲಿ, ಆದರೆ ಸಿಡ್ನಿಯಿಂದ ನೂರು ಮೈಲಿಯಾದರೂ ದೂರವಿರಲಿ, ಅಲ್ಲಿಯತನಕ ಪಾರ್ಲಿಮೆಂಟು ಮೆಲ್ಬರ್ನಿನಲ್ಲಿ ಸೇರಲಿ. ಆ 'ಅಲ್ಲಿಯತನಕ' ಎಂಬುದು ಇಪ್ಪತ್ತಾರು ವರ್ಷ ಎಳೆಯಿತು.

1908ರಲ್ಲಿ ಆರಿಸಿದ ಜಾಗ ಕುರಿ ಮೇಯುತ್ತಿದ್ದ ಬಯಲು. ಬರಿದಾದ ನೆಲದ ಮೇಲೆ ಊರು ಕಟ್ಟಿದರು ಎಂದು ಹೇಳುವುದು ವಾಡಿಕೆ. ಬರಿದೆಲ್ಲಿತ್ತು? ನುನ್ನವಾಲ್ ಜನರ ನೆಲ ಅದು. ಹತ್ತಿರದ ಬೆಟ್ಟದ ಬಂಡೆಯಾಸರೆಯೊಂದರಲ್ಲಿ ಇಪ್ಪತ್ತು ಸಾವಿರ ವರ್ಷಗಳ ಹಿಂದೆಯೇ ಮನುಷ್ಯರು ಬಾಳಿದ ಗುರುತು ಸಿಕ್ಕಿದೆ. ಕ್ಯಾನ್‌ಬೆರಾ ಎಂಬ ಹೆಸರೂ ಅಲ್ಲಿನ ಮೂಲನಿವಾಸಿಗಳ ಮಾತಿನಿಂದಲೇ ಬಂದದ್ದೆಂದು ನಂಬಿಕೆ. 'ಕೂಡುವ ತಾಣ' ಎಂದು ಅರ್ಥ ಹೇಳುತ್ತಾರೆ. ನಾಮಕರಣವಾದದ್ದು 1913ರ ಮಾರ್ಚ್ 12ರಂದು. ಗವರ್ನರ್ ಜನರಲ್ಲರ ಪತ್ನಿ ಲೇಡಿ ಡೆನ್ಮನ್ ಎಲ್ಲರೆದುರು ಹೆಸರನ್ನು ಕೂಗಿ ಹೇಳಿದರು. ಆರಿಸಿದವರು ಮಾತ್ರ ಮಂತ್ರಿಮಂಡಲದ ಗಂಡಸರು.

ಊರಿನ ನಕ್ಷೆಗಾಗಿ 1911ರಲ್ಲಿ ಜಗತ್ತಿನವರಿಗೆಲ್ಲ ಸ್ಪರ್ಧೆ ಕರೆದಿದ್ದರು. ಬಂದ 137 ನಕ್ಷೆಗಳಲ್ಲಿ ಗೆದ್ದದ್ದು ಅಮೆರಿಕದ ಷಿಕಾಗೋದ ವಾಲ್ಟರ್ ಬರ್ಲಿ ಗ್ರಿಫಿನ್ ಅವರದು. ವಯಸ್ಸು ಮೂವತ್ತೈದು. ಆ ನೆಲವನ್ನು ಕಣ್ಣಿಂದ ಕಂಡವರಲ್ಲ. ಸರ್ಕಾರ ಕಳಿಸಿದ ಭೂಪಟ, ಚಿತ್ರಗಳನ್ನು ಮುಂದಿಟ್ಟುಕೊಂಡು ಬೆಟ್ಟದಿಂದ ಬೆಟ್ಟಕ್ಕೆ ಗೆರೆ ಎಳೆದು, ನಡುವೆ ಕೆರೆಯೊಂದನ್ನು ಕಲ್ಪಿಸಿ, ವೃತ್ತ ತ್ರಿಕೋನಗಳಲ್ಲಿ ಬೀದಿಗಳನ್ನು ಹೊಂದಿಸಿದ್ದರು.

ಇಷ್ಟು ಪಠ್ಯಪುಸ್ತಕದ ಮಾತು. ಈಗ ಅವರ ಹೆಂಡತಿಯ ಮಾತಿಗೆ ಬರೋಣ.

ಮೇರಿಯನ್ ಮಹೊನಿ 1894ರಲ್ಲಿ ಎಂ.ಐ.ಟಿ.ಯಲ್ಲಿ ವಾಸ್ತುಶಿಲ್ಪದ ಪದವಿ ಪಡೆದವರು. ಆ ವಿಷಯದಲ್ಲಿ ಅಲ್ಲಿ ಪದವಿ ಪಡೆದ ಎರಡನೆಯ ಹೆಂಗಸು. ಹದಿನಾಲ್ಕು ವರ್ಷ ಫ್ರಾಂಕ್ ಲಾಯ್ಡ್ ರೈಟ್ ಅವರ ಕಚೇರಿಯಲ್ಲಿ ಆಗಾಗ ದುಡಿದರು; ರೈಟ್ ಅವರದೆಂದು ಜಗತ್ತು ಕೊಂಡಾಡಿದ ಚಿತ್ರಗಳಲ್ಲಿ ಎಷ್ಟೋ ಈಕೆಯ ಕೈಯವು. 1911ರಲ್ಲಿ ವಾಲ್ಟರ್ ಅವರನ್ನು ಮದುವೆಯಾದರು. ವಯಸ್ಸಿನಲ್ಲಿ ಗಂಡನಿಗಿಂತ ಐದು ವರ್ಷ ದೊಡ್ಡವರು. ಸ್ಪರ್ಧೆಯ ಗಡುವು ಹತ್ತಿರವಾದರೂ ಗಂಡ ಕೆಲಸ ಮುಂದೂಡುತ್ತಲೇ ಇದ್ದರಂತೆ. ಈಗಲೇ ಶುರು ಮಾಡದಿದ್ದರೆ ತಾನು ಪೆನ್ಸಿಲ್ ಮುಟ್ಟುವುದೇ ಇಲ್ಲವೆಂದು ಈಕೆ ಖಡಾಖಂಡಿತವಾಗಿ ಹೇಳಿದ ಮೇಲೆ ಕೆಲಸಕ್ಕೆ ಕೂತದ್ದು. ಬಟ್ಟೆಯ ಮೇಲೆ ಹೊನ್ನಿನ ಛಾಯೆಯಲ್ಲಿ ಮೇರಿಯನ್ ಬರೆದ ಆ ದೊಡ್ಡ ಚಿತ್ರಗಳು ಇಂದಿಗೂ ಆಸ್ಟ್ರೇಲಿಯದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ತೀರ್ಪುಗಾರರ ಮನಸ್ಸಿಗೆ ಊರನ್ನು ಕಟ್ಟಿಕೊಟ್ಟದ್ದು ಅವೇ ಎಂದರೆ ಹೆಚ್ಚಿನ ಮಾತಲ್ಲ. ಬಹುಮಾನ ಮಾತ್ರ ವಾಲ್ಟರ್ ಅವರ ಹೆಸರಿಗೆ ಬಂತು.

ಮುಂದಿನದು ಸುಖದ ಕಥೆಯಲ್ಲ. ಅಧಿಕಾರಿಗಳೊಂದಿಗೆ ತಿಕ್ಕಾಟ, ನಡುವೆ ಮಹಾಯುದ್ಧ. 1920ರಲ್ಲಿ ವಾಲ್ಟರ್ ಆ ಕೆಲಸದಿಂದ ಹೊರಬಂದರು. ಆಮೇಲೆ ಅವರು ಬಂದದ್ದೆಲ್ಲಿಗೆ ಬಲ್ಲಿರಾ? ನಮ್ಮ ಲಕ್ನೋಗೆ! ವಿಶ್ವವಿದ್ಯಾಲಯದ ಗ್ರಂಥಾಲಯದ ವಿನ್ಯಾಸಕ್ಕೆಂದು 1935ರಲ್ಲಿ ಬಂದರು, ಮರುವರ್ಷ ಮೇರಿಯನ್ನೂ ಬಂದು ಕೆಲಸಕ್ಕೆ ಹೆಗಲು ಕೊಟ್ಟರು. 1937ರ ಫೆಬ್ರವರಿಯಲ್ಲಿ, ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ವಾಲ್ಟರ್ ತೀರಿಕೊಂಡರು. ಗೋರಿ ಲಕ್ನೋದಲ್ಲೇ ಇದೆ. ಪರದೇಶದಲ್ಲಿ ಒಂಟಿಯಾದ ಆಕೆ ಮೊದಲು ಆಸ್ಟ್ರೇಲಿಯಕ್ಕೆ, ಅಲ್ಲಿಂದ ಷಿಕಾಗೋಗೆ ಮರಳಿದರು. ಸಾವಿರಕ್ಕೂ ಮಿಕ್ಕಿ ಪುಟಗಳ ಆತ್ಮಕಥೆ ಬರೆದರು, ಅದು ಅವರಿದ್ದಾಗ ಅಚ್ಚಾಗಲಿಲ್ಲ. 1961ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಬಡತನದಲ್ಲಿ ಹೋದರು. ಮೂರು ವರ್ಷ ಕಳೆದು, ಅವರಿಬ್ಬರೂ ಕನಸಿದ್ದ ಕೆರೆ ಕೊನೆಗೂ ತುಂಬಿದಾಗ ಅದಕ್ಕೆ ಬರ್ಲಿ ಗ್ರಿಫಿನ್ ಸರೋವರವೆಂದು ಹೆಸರಾಯಿತು.

ಪಾರ್ಲಿಮೆಂಟು ಕ್ಯಾನ್‌ಬೆರಾಕ್ಕೆ ಬಂದದ್ದು 1927ರ ಮೇ 9ರಂದು. ಇಂಗ್ಲೆಂಡಿನ ರಾಜಕುಮಾರ ಬಂದಿದ್ದ ಆ ಸಮಾರಂಭಕ್ಕೆ ಜಿಮ್ಮಿ ಕ್ಲೆಮೆಂಟ್ಸ್ ಎಂಬ ಮೂಲನಿವಾಸಿ ವೃದ್ಧರು ಬರಿಗಾಲಲ್ಲಿ ಬಂದರು. ಪೊಲೀಸರು ಹೊರಟುಹೋಗೆಂದಾಗ ನೆರೆದ ಜನರೇ ಅವರ ಪರ ನಿಂತರು. ಅದೇ ಕಟ್ಟಡದ ಎದುರಿನ ಹುಲ್ಲುಹಾಸಿನಲ್ಲಿ 1972ರ ಜನವರಿ 26ರಂದು ನಾಲ್ವರು ಯುವಕರು ಒಂದು ಕೊಡೆ ನೆಟ್ಟು, ನಮ್ಮ ನೆಲದಲ್ಲೇ ನಾವು ಪರದೇಶಿಗಳು, ಇದೇ ನಮ್ಮ ರಾಯಭಾರ ಕಚೇರಿ ಎಂದರು. ಆ ಗುಡಾರ ಇಂದಿಗೂ ಅಲ್ಲಿದೆ. 1988ರಲ್ಲಿ ಹೊಸ ಪಾರ್ಲಿಮೆಂಟನ್ನು ಗುಡ್ಡದೊಳಗೆ ಹುದುಗಿಸಿ ಮೇಲೆ ಹುಲ್ಲು ಬೆಳೆಸಿದರು, ಪ್ರಜೆಗಳು ತಮ್ಮ ಪ್ರತಿನಿಧಿಗಳ ತಲೆಯ ಮೇಲೆ ಓಡಾಡಲೆಂದು! ಮಕ್ಕಳು ಉರುಳಾಡುತ್ತಿದ್ದ ಆ ಇಳಿಜಾರಿಗೆ ಭದ್ರತೆಯ ಹೆಸರಿನಲ್ಲಿ 2017ರಲ್ಲಿ ಬೇಲಿ ಹಾಕಿದರು.

ಮಗಳ ಮನೆಯಲ್ಲಿ ಮೂರು ತಿಂಗಳಿದ್ದೆ. ಹಳೆಯ ಬಡಾವಣೆಗಳಲ್ಲಿ ಮನೆಯ ಮುಂದೆ ಕಾಂಪೌಂಡು ಗೋಡೆಯಿಲ್ಲ, ಗಿಡಗಳ ಬೇಲಿ ಅಷ್ಟೇ. ಮನೆಯ ನೆಲವೂ ಸ್ವಂತದ್ದಲ್ಲ, ಸರ್ಕಾರದಿಂದ 99 ವರ್ಷದ ಗುತ್ತಿಗೆ. ಸೈಟಿಗಾಗಿ ಜೀವ ಬಿಡುವ ನಮಗೆ ಇದು ಸುಲಭಕ್ಕೆ ಅರಗುವುದಿಲ್ಲ. ಸಂಜೆ ಕಾಂಗರೂಗಳು ಬಯಲಿಗಿಳಿಯುತ್ತವೆ. ಶರತ್ಕಾಲದಲ್ಲಿ ಬೀದಿಯ ಮರಗಳು ಕುಂಕುಮ ಅರಿಸಿನ ಚೆಲ್ಲಿದಂತೆ. ಆದರೆ ಮನುಷ್ಯರು? ಹಗಲು ಹೊತ್ತಿನಲ್ಲಿ ಮನೆಯಲ್ಲಿರುವ ಹೆಂಗಸಿಗೆ ಮಾತಾಡಲು ಜೀವ ಸಿಗುವುದಿಲ್ಲ. ನಾಲ್ಕೂವರೆ ಲಕ್ಷ ದಾಟಿದ ಜನ, ಎಲ್ಲ ಕಾರಿನೊಳಗೆ. 2019ರಲ್ಲಿ ಟ್ರಾಮ್ ಬಂದಿದೆ, ನಮ್ಮ ಬಡಾವಣೆಗೆ ಅದಿರಲಿಲ್ಲ. ಬೀದಿಗಳನ್ನು ಇಷ್ಟು ಚೆಂದ ಎಳೆದವರು ಮೂಲೆಗೊಂದು ಕಟ್ಟೆ, ಒಂದು ಹೂವಿನ ಅಂಗಡಿ ಇಡಬಾರದಿತ್ತೆ ಎನಿಸಿತು. ಕಾಡಿನೊಳಗಿನ ರಾಜಧಾನಿ ಎಂಬ ಹೆಮ್ಮೆಗೆ ತೆರವೂ ಇದೆ: 2003ರ ಜನವರಿಯ ಕಾಳ್ಗಿಚ್ಚಿನಲ್ಲಿ ನಾಲ್ಕು ಜೀವ, ಸುಮಾರು ಐನೂರು ಮನೆ ಹೋದವು.

ಒಂದು ಭಾನುವಾರ ಮಗಳು ಮೌಂಟ್ ಏನ್ಸ್‌ಲಿಗೆ ಕರೆದೊಯ್ದಳು. ಊರಿಗೆ ನೂರು ತುಂಬಿದ 2013ರಲ್ಲಿ ಅಲ್ಲಿನ ವೀಕ್ಷಣಾ ಸ್ಥಳಕ್ಕೆ ಮೇರಿಯನ್ ಮಹೊನಿ ಗ್ರಿಫಿನ್ ಹೆಸರಿಟ್ಟಿದ್ದಾರೆ. ನಿಂತು ನೋಡಿದರೆ ಕೆಳಗೆ ಯುದ್ಧಸ್ಮಾರಕ, ನೇರ ರಸ್ತೆ, ಕೆರೆ, ಹಳೆಯ ಪಾರ್ಲಿಮೆಂಟು, ಅದರ ಹಿಂದೆ ಹೊಸದು, ಒಂದೇ ಗೆರೆಯಲ್ಲಿ. ಷಿಕಾಗೋದ ಚಳಿಗಾಲದಲ್ಲಿ ಕೂತು, ಇದೇ ಬೆಟ್ಟದ ತುದಿಯಿಂದ ಕಂಡಂತೆ ಆಕೆ ಬರೆದಿದ್ದ ನೋಟ ಅದು. ಮಗಳಿಗೆ ಲಕ್ನೋದ ಗೋರಿಯ ವಿಷಯ ಹೇಳಿದೆ. ಏಳು ವರ್ಷದಿಂದ ದಿನವೂ ಆ ಕೆರೆಯ ಸೇತುವೆ ದಾಟಿ ಕೆಲಸಕ್ಕೆ ಹೋಗುವವಳು, ಅವಳಿಗೂ ಗೊತ್ತಿರಲಿಲ್ಲ.