ಆಡಿದ ಮಾತು, ಹೊತ್ತ ಹರಕೆ



ತಪಸ್ಸುಕಾಲ ಹತ್ತಿರವಾಗುವ ಹೊತ್ತಿಗೇ ಹಂಪಸಾಗರ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಜನ ಮೈಲಾರದ ದಾರಿ ಹಿಡಿಯುತ್ತಾರೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ನಡೆಯುವ ಕಾರ್ಣಿಕವನ್ನು ನಮ್ಮ ವಿಶ್ವಾಸಿಗಳಲ್ಲೂ ಬಹಳ ಮಂದಿ ಬಲ್ಲರು. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಕಣ್ಣು ಹಾಯುವಷ್ಟು ದೂರ ನೆರೆದ ಜನಸಾಗರ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಆತ ನುಡಿಯುವುದು ಒಂದೇ ಒಂದು ವಾಕ್ಯ. ಅದನ್ನು ಮಳೆಗೆ, ಬೆಳೆಗೆ, ರಾಜಕೀಯಕ್ಕೆ ಹೊಂದಿಸಿ ವರ್ಷವಿಡೀ ಕಟ್ಟೆಗಳ ಮೇಲೆ ಅರ್ಥ ಹೇಳುತ್ತಾರೆ. ನಮ್ಮ ವಿಶ್ವಾಸ ಬೇರೆ, ನಿಜ. ಆದರೆ ಒಂದು ಮಾತಿಗೆ ಎಷ್ಟು ತೂಕವಿದೆ ಎಂಬುದನ್ನು ಈ ಸೀಮೆಯ ಜನಕ್ಕೆ ಹೊಸದಾಗಿ ಕಲಿಸಬೇಕಾಗಿಲ್ಲ. ವರ್ಷಕ್ಕೊಮ್ಮೆ ಕೇಳುವ ಮಾತಿಗೆ ಕೊಡುವ ಆ ಗಮನವನ್ನು ದಿನಕ್ಕೆ ನೂರು ಸಲ ಆಡುವ ಮಾತಿಗೆ ನಾವು ಕೊಡುವುದಿಲ್ಲ, ಅಷ್ಟೇ.

ಬಲಿಪೂಜೆಯ ಆರಂಭದಲ್ಲಿ ನಾವು ಎದೆ ತಟ್ಟಿಕೊಂಡು ಪಾಪ ಒಪ್ಪಿಕೊಳ್ಳುವಾಗ ಮೊದಲು ಹೇಳುವುದು ಆಲೋಚನೆ, ಆಮೇಲೆ ಮಾತು, ಅನಂತರ ಕ್ರಿಯೆ. ಈ ಕ್ರಮ ಸುಮ್ಮನೆ ಬಂದುದಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ನೆಲೆಸಿದ್ದ ಸನ್ಯಾಸಿಗಳು ಮನಸ್ಸನ್ನು ಕಾಯುವುದನ್ನೇ ದೊಡ್ಡ ಕಾಯಕ ಮಾಡಿಕೊಂಡಿದ್ದರು. ಅವರಲ್ಲಿ ಒಬ್ಬರಾದ, ಕ್ರಿ.ಶ. 399ರಲ್ಲಿ ತೀರಿಕೊಂಡ ಎವಾಗ್ರಿಯಸ್ ಎಂಬುವರು ಮನುಷ್ಯನನ್ನು ಕಾಡುವ ಎಂಟು ಆಲೋಚನೆಗಳನ್ನು ಪಟ್ಟಿ ಮಾಡಿದರು. ಅವರು ಅವುಗಳನ್ನು ಪಾಪಗಳೆಂದು ಕರೆಯದೆ ಆಲೋಚನೆಗಳೆಂದೇ ಕರೆದರು ಎಂಬುದನ್ನು ಗಮನಿಸಬೇಕು. ಆಲೋಚನೆ ಬಾಗಿಲು ತಟ್ಟುವುದು ನಮ್ಮ ಕೈಲಿಲ್ಲ, ಒಳಗೆ ಕರೆದು ಮಣೆ ಹಾಕುವುದು ಮಾತ್ರ ನಮ್ಮ ಕೈಲಿದೆ ಎಂಬುದು ಅವರ ಬೋಧನೆಯ ಸಾರ. ಒಂದೊಂದು ಕೆಟ್ಟ ಆಲೋಚನೆಗೂ ಎದುರುತ್ತರವಾಗಿ ಪವಿತ್ರಗ್ರಂಥದ ಮಾತುಗಳನ್ನು ಆರಿಸಿ ಅವರು ಪುಸ್ತಕವನ್ನೇ ಬರೆದರು. ಅಡವಿಯಲ್ಲಿ ಯೇಸುಸ್ವಾಮಿ ಸೈತಾನನಿಗೆ ಉತ್ತರ ಕೊಟ್ಟದ್ದೂ ಹೀಗೆಯೇ ಅಲ್ಲವೆ? ಮುಂದೆ ಜಗದ್ಗುರು ಮಹಾ ಗ್ರೆಗರಿಯವರು (590–604) ಆ ಎಂಟನ್ನು ಏಳು ಮಾಡಿದರು. ಜ್ಞಾನೋಪದೇಶದಲ್ಲಿ ನಾವು ಬಾಯಿಪಾಠ ಮಾಡಿದ ಏಳು ಪಾಪಗಳ ಬೇರು ಅಲ್ಲಿದೆ.

1570ರ ಪೂಜಾಗ್ರಂಥದಲ್ಲಿ ಈ ಪ್ರಾರ್ಥನೆ ಲತೀನಿನಲ್ಲಿತ್ತು. ಜನರ ಪರವಾಗಿ ಪೀಠಸೇವಕ ಅದನ್ನು ಹೇಳುತ್ತಿದ್ದ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಜನಭಾಷೆಗೆ ದಾರಿ ತೆರೆದ ಮೇಲೆ ಅದು ನಮ್ಮ ನಾಲಿಗೆಗೆ ಬಂತು. 1970ರ ಪೂಜಾಗ್ರಂಥ ಇನ್ನೊಂದನ್ನು ಸೇರಿಸಿತು: ಮಾಡಬೇಕಾದುದನ್ನು ಮಾಡದೆ ಬಿಟ್ಟ ಪಾಪ. (ಜನಭಾಷೆ ಬಂದ ಮೇಲೆ ಯಾವ ಭಾಷೆಯಲ್ಲಿ ದೇವರನ್ನು ಸ್ತುತಿಸಬೇಕು ಎಂದು ನಮ್ಮ ನಾಡಿನ ದೇವಾಲಯಗಳಲ್ಲಿ ಜಗಳವಾಯಿತು. ಸ್ತುತಿಸಬೇಕಾದ ಬಾಯಲ್ಲೇ ಬೈಗುಳ ಬಂತು. ಸಂತ ಯಕೋಬರು ತಮ್ಮ ಪತ್ರದ ಮೂರನೆಯ ಅಧ್ಯಾಯದಲ್ಲಿ ನಾಲಿಗೆಯ ಬಗ್ಗೆ ಬರೆದುದನ್ನು ಆಗ ಯಾರಾದರೂ ಓದಿದ್ದರೆ ಚೆನ್ನಾಗಿತ್ತು.)

ಕನ್ನಡದಲ್ಲಿ ಕ್ರೈಸ್ತ ಮಾತುಗಳನ್ನು ಹುಡುಕುವ ಕೆಲಸ ಅದಕ್ಕಿಂತ ಬಹಳ ಹಳೆಯದು. ಹದಿನೇಳನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಯೇಸುಸಭೆಯ ಲಿಯೊನಾರ್ದೊ ಚಿನ್ನಮಿಯವರು ಕನ್ನಡದಲ್ಲಿ ಜ್ಞಾನೋಪದೇಶ ಬರೆದರು. 1861ರಲ್ಲಿ ಬೆಂಗಳೂರಿನಲ್ಲಿ ಲತೀನ್–ಕನ್ನಡ ನಿಘಂಟು ಅಚ್ಚಾಯಿತು. ನಮ್ಮ ಬಳ್ಳಾರಿಯಲ್ಲಿ 1810ರಿಂದ ದುಡಿದ ಪ್ರೊಟೆಸ್ಟಂಟ್ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಇವರೆಲ್ಲ ಕೈಗೆತ್ತಿಕೊಂಡ ಪದಗಳಲ್ಲಿ ‘ಪಾಪ’ವೂ ಒಂದು. ಕನ್ನಡಿಗರ ಬಾಯಲ್ಲಿ ಅದಕ್ಕೆ ಎರಡು ಮುಖ. ತಪ್ಪು ಮಾಡಿದವನದೂ ಪಾಪ, ಹಸಿದ ಮಗುವನ್ನು ಕಂಡರೂ ‘ಅಯ್ಯೋ ಪಾಪ’. ದೋಷಕ್ಕೂ ಕರುಣೆಗೂ ಒಂದೇ ಪದ ಬಳಸುವ ನಮಗೆ ಪಾಪನಿವೇದನೆಯ ಅರ್ಥ ಬೇಗ ತಿಳಿಯಬೇಕಿತ್ತು. ಕಾಯಾ ವಾಚಾ ಮನಸಾ ಎಂಬ ತ್ರಿಕರಣದ ಮಾತೂ ಇಲ್ಲಿನವರಿಗೆ ಹೊಸದಲ್ಲ.

ಈಗ ನಮ್ಮ ಸೀಮೆಯ ನೋವಿನ ಕಥೆಗೆ ಬರೋಣ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಭಾಗದ ಬಡ ದಲಿತ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವ ಪದ್ಧತಿ ಬಹುಕಾಲ ನಡೆಯಿತು. ಎಷ್ಟೋ ಮನೆಗಳಲ್ಲಿ ಅದರ ಮೊದಲು ಹೇಗೆ? ಮನೆಯಲ್ಲಿ ಕಾಯಿಲೆ, ಗಂಡುಮಗುವಿಲ್ಲದ ಕೊರಗು, ಮೇಲಿಂದ ಬರ. ಮನಸ್ಸಿನಲ್ಲಿ ಒಂದು ಭಯ ಹುಟ್ಟುತ್ತದೆ. ಭಯ ಬಾಯಿಗೆ ಬಂದು ಹರಕೆಯಾಗುತ್ತದೆ. ತಂದೆ ತಾಯಿ ಆಡಿದ ಒಂದು ಮಾತನ್ನು ಮಗಳು ಜೀವನವಿಡೀ ಹೊರುತ್ತಾಳೆ. ಆಲೋಚನೆ, ಮಾತು, ಕ್ರಿಯೆ! ಪಕ್ಕದಲ್ಲಿದ್ದೂ ಸುಮ್ಮನಿದ್ದವರ ಪಾಲು ನಾಲ್ಕನೆಯದು.

ಮದ್ರಾಸ್ ಶಾಸನಸಭೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1930ರಲ್ಲಿ ಇದರ ವಿರುದ್ಧ ಮಸೂದೆ ತಂದರು. ಅದು ಕಾನೂನಾದದ್ದು 1947ರಲ್ಲಿ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನದೇ ಆಗಿದ್ದರಿಂದ ಆ ಕಾನೂನು ಹಂಪಸಾಗರಕ್ಕೂ ಅನ್ವಯಿಸುತ್ತಿತ್ತು. 1982ರಲ್ಲಿ ಕರ್ನಾಟಕವೂ ನಿಷೇಧದ ಕಾನೂನು ಮಾಡಿತು. ಆದರೂ ರಾಜ್ಯ ಸರ್ಕಾರದ 1993–94ರ ಸಮೀಕ್ಷೆಯಲ್ಲಿ 22,873 ಮಂದಿ, 2007–08ರಲ್ಲಿ ಮತ್ತೆ 23,787 ಮಂದಿ ದೇವದಾಸಿಯರು ಗುರುತಾದರು. ಹರಕೆಯ ಮಾತು ಕಾನೂನಿನ ಮಾತಿಗಿಂತ ಆಳಕ್ಕೆ ಇಳಿದಿತ್ತು.

ಇದನ್ನು ಓದಿ ‘ಅದು ಬೇರೆಯವರ ವಿಷಯ’ ಎಂದು ನಾವು ಪುಟ ಮಗುಚುವಂತಿಲ್ಲ. ನ್ಯಾಯಸ್ಥಾಪಕರು ಗ್ರಂಥದ 11ನೆಯ ಅಧ್ಯಾಯದ ಯೆಪ್ತಾಹ ಯುದ್ಧಕ್ಕೆ ಹೋಗುವಾಗ ದುಡುಕಿ ಹರಕೆ ಹೊತ್ತ. ಗೆದ್ದು ಬಂದಾಗ ಮನೆಯಿಂದ ಮೊದಲು ಎದುರಿಗೆ ಬಂದವಳು ಅವನ ಒಬ್ಬಳೇ ಮಗಳು. ದೇವರು ಅಂಥ ಹರಕೆ ಕೇಳಿರಲಿಲ್ಲ. ಕೊಟ್ಟ ಮಾತು ಹಿಂದೆಗೆಯಲಾರೆ ಎಂದ ಅವನ ಹಟವನ್ನು ಭಕ್ತಿ ಎನ್ನಲು ನಮಗಂತೂ ಮನಸ್ಸು ಬಾರದು.

ನಮ್ಮ ಮನೆಗಳಲ್ಲೂ ಮಗುವನ್ನು ಕೇಳದೆಯೇ ಗುರುಮಠಕ್ಕೆ, ಕನ್ಯಾಮಠಕ್ಕೆ ಹರಕೆ ಹೊರುವ ತಂದೆ ತಾಯಿ ಇದ್ದಾರೆ. ಕಪ್ಪು ಬಣ್ಣದ ಮಗಳನ್ನು ‘ಇವಳನ್ನು ಯಾರು ಕಟ್ಕೋತಾರೆ’ ಎಂದು ಅವಳೆದುರೇ ಅನ್ನುವವರಿದ್ದಾರೆ. ಓದಿನಲ್ಲಿ ಹಿಂದುಳಿದ ಹುಡುಗನಿಗೆ ‘ದನ ಕಾಯೋಕ್ಕೆ ಲಾಯಕ್ಕು’ ಎಂಬುದೇ ಹೆಸರಾಗಿಬಿಡುತ್ತದೆ. ಪರಮಪ್ರಸಾದ ಸ್ವೀಕರಿಸಿ ಹೊರಬಂದು, ದೇವಾಲಯದ ಅಂಗಳದಲ್ಲೇ ಇನ್ನೊಬ್ಬರನ್ನು ಜಾತಿ ಹಿಡಿದು ಆಡಿಕೊಳ್ಳುವುದೂ ಉಂಟು. ಸಹೋದರನನ್ನು ಹೀಯಾಳಿಸುವ ಒಂದು ಪದವನ್ನು ಪ್ರಭು ಯೇಸು ಬೆಟ್ಟದ ಬೋಧನೆಯಲ್ಲಿ ಕೊಲೆಯ ವಿಷಯದ ಜೊತೆಗೇ ಇಟ್ಟು ಮಾತನಾಡಿದರು (ಮತ್ತಾಯ 5). ಅದು ಅತಿಯಾಯಿತೆಂದು ಅನ್ನಿಸುವವರು, ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳನ್ನು ಶಾಲೆಯಲ್ಲಿ ‘ನಿನ್ನ ಅಪ್ಪನ ಹೆಸರೇನು?’ ಎಂದು ಕೇಳಿದಾಗ ಅವರ ಮುಖ ನೋಡಬೇಕು.

ಯೆಪ್ತಾಹನ ಮಗಳ ಹೆಸರನ್ನು ಪವಿತ್ರಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಇಸ್ರಯೇಲಿನ ಹೆಣ್ಣುಮಕ್ಕಳು ಮಾತ್ರ ವರ್ಷಕ್ಕೆ ನಾಲ್ಕು ದಿನ ಹೊರಟುಹೋಗಿ ಅವಳಿಗಾಗಿ ಶೋಕಿಸುತ್ತಿದ್ದರು.