ಹಿರಿಯರ ಉದ್ಯಮಶೀಲತೆ: ಅರ್ಧಕ್ಕೆ ಬಿಡಬಾರದ ಅಧ್ಯಯನ

ಅರುವತ್ತು ದಾಟಿದ ಮೇಲೆ ಕೋಳಿ ಹುರಿದು ಹೆಸರಾದ ಕರ್ನಲ್ ಸ್ಯಾಂಡರ್ಸ್ ಕಥೆ ವಾಟ್ಸಾಪಿನಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತದೆ. ನಮ್ಮ ಪಟ್ಟಿಯೂ ಇದೆ: ಐವತ್ತರ ಹೊಸ್ತಿಲಲ್ಲಿ, 2012ರಲ್ಲಿ, ನೈಕಾ ಆರಂಭಿಸಿದ ಫಲ್ಗುಣಿ ನಾಯರ್, 2003ರಲ್ಲಿ ಏರ್ ಡೆಕ್ಕನ್ ಹಾರಿಸಿದಾಗ ಐವತ್ತು ದಾಟಿದ್ದ ಕ್ಯಾಪ್ಟನ್ ಗೋಪಿನಾಥ್. ಸ್ಫೂರ್ತಿಗೆ ಇವೆಲ್ಲ ಸರಿ. ವಿಚಾರಸಂಕಿರಣಗಳಲ್ಲೂ ಇವೇ ಪುರಾವೆಯಾಗಿ ಬಂದರೆ ಮಾತ್ರ ಕಷ್ಟ.

ಈ ವಿಷಯವನ್ನು ಮೊದಲು ಹಿಡಿದವರು ಅಮೆರಿಕದ ಕಾರ್ಮಿಕ ಅರ್ಥಶಾಸ್ತ್ರಜ್ಞರು. ವಯಸ್ಸಾದ ದುಡಿಮೆಗಾರರಲ್ಲಿ ಸ್ವಂತ ಕಸುಬಿನವರ ಪಾಲು ಏಕೆ ಹೆಚ್ಚು? ಸಂಬಳದವರು ನಿವೃತ್ತರಾಗುತ್ತಾರೆ, ಕಸುಬಿನವರು ಅಷ್ಟು ಬೇಗ ಕೈಬಿಡುವುದಿಲ್ಲ ಎಂಬುದನ್ನು ವಿಕ್ಟರ್ ಫ್ಯೂಕ್ಸ್ 1982ರಲ್ಲೇ ತೋರಿಸಿದ್ದರು. 2006ರಲ್ಲಿ ಮೊರೆನ್ ಲೆವೆಸ್ಕ್ ಮತ್ತು ಮರಿಯಾ ಮಿನ್ನಿಟಿ ಒಂದು ಮಾದರಿ ಕೊಟ್ಟರು: ಸಂಬಳ ತಿಂಗಳಿಗೆ ಕೈಸೇರುತ್ತದೆ, ಹೊಸ ವ್ಯಾಪಾರದ ಲಾಭಕ್ಕೆ ವರ್ಷಗಟ್ಟಲೆ ಕಾಯಬೇಕು, ವಯಸ್ಸಾದಂತೆ ಕಾಯುವುದು ದುಬಾರಿ. ಗಣಿತ ಅಚ್ಚುಕಟ್ಟು. ಆದರೆ ಅದರಲ್ಲಿ ಎಲ್ಲ ಉದ್ಯಮಿಗಳೂ ಒಂದೇ ಬಗೆಯವರು.

ಆ ಗಂಟು ಬಿಚ್ಚಿದ್ದು ಫಿನ್ಲೆಂಡಿನ ತೇಮು ಕೌಟೊನೆನ್ ಮತ್ತು ಸಂಗಡಿಗರು. ನಮ್ಮ ತಲೆಮಾರಿನ ಸಂಶೋಧಕರ ಮಟ್ಟಿಗೆ ಈ ಕ್ಷೇತ್ರ ನಿಜವಾಗಿ ಶುರುವಾದದ್ದೇ ಇಲ್ಲಿಂದ. 2014ರ ಅವರ ಪ್ರಬಂಧ (ಮಿನ್ನಿಟಿಯೂ ಸಹಲೇಖಕಿ, ತಮ್ಮ ಮಾದರಿಯನ್ನು ತಾವೇ ಪರೀಕ್ಷೆಗೊಡ್ಡುವವರು ಅಪರೂಪ) ಉದ್ಯಮಿಗಳನ್ನು ಮೂರು ಗುಂಪು ಮಾಡಿತು. ಆಳು ಇಟ್ಟುಕೊಂಡು ಬೆಳೆಸಬೇಕೆನ್ನುವವರ ಉಮೇದು ನಲವತ್ತರ ಕೊನೆಯವರೆಗೆ ಏರಿ ಇಳಿಯುತ್ತದೆ. ತನ್ನ ದುಡಿಮೆ ತನಗೆ ಸಾಕೆನ್ನುವವರಲ್ಲಿ ಅದು ವಯಸ್ಸಿನೊಂದಿಗೆ ಏರುತ್ತಲೇ ಹೋಗುತ್ತದೆ. ಬೇರೆ ದಾರಿಯಿಲ್ಲದೆ ಇಳಿದವರಲ್ಲಿ ವಯಸ್ಸಿನ ಪ್ರಭಾವ ಕಡಿಮೆ.

2017ರಲ್ಲಿ ಕೌಟೊನೆನ್, ಕಿಬ್ಲರ್, ಮಿನ್ನಿಟಿ ಇನ್ನೂ ಮುಂದೆ ಹೋದರು. ಇಂಗ್ಲೆಂಡಿನಲ್ಲಿ ಐವತ್ತು ದಾಟಿದವರನ್ನು ವರ್ಷಗಟ್ಟಲೆ ಬೆನ್ನುಹತ್ತಿ ವಿಚಾರಿಸುವ ಎಲ್ಸಾ ಸಮೀಕ್ಷೆಯ ಅಂಕಿಅಂಶಗಳಲ್ಲಿ, ಕೆಲಸ ಬಿಟ್ಟು ಸ್ವಂತಕ್ಕೆ ಇಳಿದವರ ಆದಾಯ ತಗ್ಗಿತ್ತು, ಬದುಕಿನ ನೆಮ್ಮದಿ ಹೆಚ್ಚಿತ್ತು. ಒಮ್ಮೆ ಪ್ರಶ್ನಾವಳಿ ಹಂಚಿ ಕೈತೊಳೆದುಕೊಳ್ಳುವ ಸಮೀಕ್ಷೆಗೆ ಇದು ಎಂದೂ ದಕ್ಕುವುದಿಲ್ಲ. ಅದೇ ಮನುಷ್ಯನನ್ನು ಮತ್ತೆ ಕೇಳಬೇಕು.

ಸುದ್ದಿಯಾದದ್ದು ಮಾತ್ರ ಅಜುಲೇ ಮತ್ತು ಸಂಗಡಿಗರ 2020ರ ಪ್ರಬಂಧ. ಅಮೆರಿಕದ 27 ಲಕ್ಷ ಸ್ಥಾಪಕರ ಸರಾಸರಿ ವಯಸ್ಸು 42, ಅತಿವೇಗವಾಗಿ ಬೆಳೆದ ಸಾವಿರಕ್ಕೊಂದು ಕಂಪನಿಯ ಸ್ಥಾಪಕರದು 45. ಯಶಸ್ವಿ ಉದ್ಯಮಿಗಳೆಲ್ಲ ಹುಡುಗರೇ ಎಂಬ ಮಿಥ್ಯೆಯನ್ನು ಅದು ಒಡೆಯಿತು, ನಿಜ. ಆದರೆ ಅಲ್ಲಿ ಲೆಕ್ಕಕ್ಕೆ ಬಂದವರು ಒಬ್ಬ ನೌಕರನನ್ನಾದರೂ ಇಟ್ಟುಕೊಂಡವರು. ನಿವೃತ್ತಿಯ ಮೇಲೆ ಮನೆಯಲ್ಲೇ ಹಪ್ಪಳ ಮಾಡಿ ಮಾರುವ ಮೇಷ್ಟರ ದಂಪತಿ ಆ ಲೆಕ್ಕದಲ್ಲಿ ಇರುವುದಿಲ್ಲ. ಕೌಟೊನೆನ್ ಹೇಳಿದ ಏರುವ ಗುಂಪು ಅವರದೇ.

ನಮ್ಮಲ್ಲಿ ನೀತಿ ಒಂದು ಹೆಜ್ಜೆ ಸರಿದಿದೆ. 1993ರ ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆ ಸಾಮಾನ್ಯರಿಗೆ 35ಕ್ಕೇ ಬಾಗಿಲು ಹಾಕಿತ್ತು. 2008ರಲ್ಲಿ ಅದರ ಜಾಗಕ್ಕೆ ಬಂದ ಉದ್ಯೋಗಸೃಜನ ಕಾರ್ಯಕ್ರಮದಲ್ಲಿ ವಯಸ್ಸಿನ ಮೇಲ್ಮಿತಿಯಿಲ್ಲ. ಸಂಶೋಧನೆ ಅಷ್ಟೂ ಸರಿದಿಲ್ಲ. ಬೆಂಗಳೂರಿನ ನಿವೃತ್ತ ಅಧಿಕಾರಿಗಳ ಸಂದರ್ಶನಗಳು ಸಾಕಷ್ಟಾಗಿವೆ. ನಿವೃತ್ತಿಯೆಂಬುದೇ ಇಲ್ಲದ ರೈತ, ಗಂಡ ಸತ್ತ ಮೇಲೆ ಗೂಡಂಗಡಿ ಹಿಡಿದ ಹೆಂಗಸು ನಮ್ಮ ಮಾದರಿಗಳಲ್ಲಿ ಎಲ್ಲಿ ಸೇರುತ್ತಾರೆ? ಅವರು ಹೊಸದಾಗಿ ಆರಂಭಿಸಿದವರೋ, ಬಿಡಲಾಗದೆ ಉಳಿದವರೋ? ಫ್ಯೂಕ್ಸ್ ಎತ್ತಿದ ಪ್ರಶ್ನೆಗೆ ನಾವಿನ್ನೂ ಕೈ ಹಾಕಿಲ್ಲ.

ಸಾಧನವಂತೂ ಇದೆ. ಎಲ್ಸಾದಂಥದೇ ಆದ, ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸುವ ಲಾಸಿ ಸಮೀಕ್ಷೆ 2017-18ರ ಮೊದಲ ಸುತ್ತಿನಲ್ಲಿ 45 ದಾಟಿದವರನ್ನೂ ಅವರ ಸಂಗಾತಿಗಳನ್ನೂ ಸೇರಿಸಿ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು. ದುಡಿಮೆಯ ಬಗ್ಗೆಯೂ ಕೇಳಿತು. ಪಿಎಚ್.ಡಿ.ಗೆ ವಿಷಯ ಹುಡುಕುತ್ತಿರುವ ನಮ್ಮ ವಿದ್ಯಾರ್ಥಿಗಳು ಇನ್ನೊಂದು ಪ್ರಶ್ನಾವಳಿ ಅಚ್ಚು ಹಾಕಿಸುವ ಮೊದಲು ಆ ಅಂಕಿಅಂಶಗಳನ್ನು ತೆರೆದು ನೋಡಲಿ.