ಭಾಗ 7 | ಹಂಪಿಯಲ್ಲಿ ಹಾಡಿದ ನಮ್ಮ ವಯಸ್ಸಿನ ಹುಡುಗ

ಹಂಪಿ ಉತ್ಸವಕ್ಕೆ ಗುಂಪು ಕಟ್ಕೊಂಡು ಹೋಗ್ತೀರಲ್ಲ, ಸ್ಪೀಕರ್ ಸೌಂಡಿಗೆ ಎದೆ ಧಗ್ ಅನ್ನತ್ತಲ್ಲ, ಈಗ ಅದೇ ಜಾಗಕ್ಕೆ 1936ರಲ್ಲಿ ಬನ್ನಿ.

ವಿಜಯನಗರ ಸಾಮ್ರಾಜ್ಯ ಹುಟ್ಟಿ 600 ವರ್ಷ ಆಯ್ತು ಅಂತ ಹಂಪಿಯಲ್ಲಿ ದೊಡ್ಡ ಸಮಾರಂಭ. ಆಗ ಕರ್ನಾಟಕ ಅನ್ನೋ ರಾಜ್ಯವೇ ಇಲ್ಲ. ಹಂಪಿ, ಹೊಸಪೇಟೆ, ನಮ್ಮ ಕಂಪ್ಲಿ ಎಲ್ಲಾ ಮದ್ರಾಸ್ ಪ್ರಾಂತ್ಯ. ಗದಗ, ಧಾರವಾಡ ಮುಂಬೈ ಪ್ರಾಂತ್ಯ. ಹೊಳೆ ದಾಟಿ ಗಂಗಾವತಿಗೆ ಹೋದ್ರೆ ನಿಜಾಮರ ರಾಜ್ಯ! ಹಲವು ಕಡೆ ಹರಿದು ಹಂಚಿಹೋಗಿದ್ದ ಕನ್ನಡದವರಿಗೆ ಒಟ್ಟಿಗೆ ಕೂರೋಕೆ ಹಂಪಿಯಂಥ ನೆಪ ಬೇಕಿತ್ತು ಅನ್ಸತ್ತೆ ನಂಗೆ.

ಅಲ್ಲಿ ಹಾಡೋಕೆ ಕೂತ ಹುಡುಗ ಬಸವರಾಜ ರಾಜಗುರು. ಹತ್ತೊಂಬತ್ತರ ಆಸುಪಾಸು. ತಬಲಾ ನುಡಿಸಿದ್ದು ಅವರ ಗುರು, ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು. ಸಾಮಾನ್ಯವಾಗಿ ಗುರು ಹಾಡಿದ್ರೆ ಶಿಷ್ಯ ಹಿಂದೆ ಕೂತು ತಂಬೂರಿ ಮೀಟ್ತಾನೆ. ಇಲ್ಲಿ ಉಲ್ಟಾ. ಶಿಷ್ಯನನ್ನ ಮುಂದೆ ಕೂರಿಸಿ, ತಾವು ಪಕ್ಕಕ್ಕೆ ಸರಿದ್ರು. ಆ ಹುಡುಗನ ವೃತ್ತಿ ಶುರುವಾಗಿದ್ದು ನಮ್ಮ ಊರ ಹತ್ತಿರದ ಈ ಕಲ್ಲುಗಳ ನಡುವೆ.

ಇಟಲಿ ಕಡೆ ಒಪೆರಾ ಅಂತ ಇದೆ, ಪೂರ್ತಿ ಹಾಡಿನಲ್ಲೇ ನಡೆಯೋ ನಾಟಕ. ಅದರಲ್ಲಿ ಎತ್ತರದ ಗಂಡು ದನಿಯವನಿಗೆ ಟೆನರ್ ಅಂತಾರೆ. ಪವರೊಟ್ಟಿ ಹೆಸರು ಕೇಳಿರ್ತೀರಿ. ಹಂಪಿ ಸಮಾರಂಭದ ಹಿಂದಿನ ವರ್ಷ, 1935ರಲ್ಲಿ ಹುಟ್ಟಿದವರು, ಬೇಕರಿಯವನ ಮಗ. ಮೈಕ್ ಇಲ್ಲದೆ, ಅಷ್ಟೊಂದು ವಾದ್ಯಗಳನ್ನ ಮೀರಿ, ಕೊನೇ ಸಾಲಿಗೆ ಕೇಳಿಸಬೇಕು. ನಮ್ಮ ಕಂಪನಿ ನಾಟಕದವರದ್ದೂ ಇದೇ ಪಾಡು. ರಾಜಗುರು ಕೂಡ ಅಲ್ಲಿಂದಲೇ ಬಂದವರು. ಕುಂದಗೋಳ ಹತ್ತಿರದ ಯಲಿವಾಳ ಹುಟ್ಟೂರು, ಹದಿಮೂರಕ್ಕೆ ಅಪ್ಪ ಇಲ್ಲ, ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಸಣ್ಣಪುಟ್ಟ ಪಾತ್ರ. ಆಮೇಲೆ ಗವಾಯಿಗಳ ಕೈಗೆ ಸಿಕ್ಕರು.

ಗವಾಯಿಗಳು 1944ರಲ್ಲಿ ಹೋದ್ರು. ಕಛೇರಿ ಮಾಡಿ ಗೊತ್ತಿದ್ದವರು ಮತ್ತೆ ವಿದ್ಯಾರ್ಥಿ ಆದ್ರು ನೋಡ್ರಿ. ಕಲಿಸಿದವರಲ್ಲಿ ಸವಾಯಿ ಗಂಧರ್ವರೂ ಒಬ್ಬರು. ಅವರೂ ಕುಂದಗೋಳದವರೇ, ಮರಾಠಿ ಸಂಗೀತ ನಾಟಕಗಳಲ್ಲಿ ಹೆಣ್ಣು ಪಾತ್ರ ಮಾಡಿ ಹೆಸರಾದವರು, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರ ಗುರು. 1940ರ ದಶಕದ ಶುರುವಿನಲ್ಲಿ ಪಾರ್ಶ್ವವಾಯು ಹೊಡೆದು ಅವರ ಹಾಡಿಕೆ ನಿಂತೇಹೋಯ್ತು. ಊರೂರು ಕೇಳಿದ ದನಿ, ಅಷ್ಟೇ.

ಬಿಕಾಂನಲ್ಲಿ ನಾವು ಮೇಜು, ಕುರ್ಚಿ, ಲಾರಿಗೆಲ್ಲ ಡಿಪ್ರಿಸಿಯೇಷನ್ ಲೆಕ್ಕ ಹಾಕ್ತೀವಿ. ಗಂಟಲಿಗೆ ಯಾವ ರೇಟು? ಹಳೇದು ಮಾರಿ ಹೊಸದು ತರೋ ಹಾಗಿಲ್ಲ. ರಾಜಗುರು ಇದನ್ನ ಚೆನ್ನಾಗಿ ತಿಳಿದಿದ್ರು. ಕಛೇರಿಗೆ ಊರು ಬಿಟ್ಟು ಹೊರಟ್ರೆ ಸ್ಟೌ, ಪಾತ್ರೆ, ಕುಡಿಯೋ ನೀರು ಎಲ್ಲಾ ಜೊತೆಗೇ. ತಾವೇ ಅಡುಗೆ ಮಾಡ್ಕೊಂಡು ಉಣ್ತಿದ್ರು. ಕೆಲವರಿಗೆ ಇದು ಅತಿ ಅನ್ಸಿರಬಹುದು. ನಂಗೆ ಮಾತ್ರ ಸವಾಯಿ ಗಂಧರ್ವರ ನೆನಪಾಗತ್ತೆ. ಪಾನಿಪುರಿ ತಿಂದು ಮಾರನೇ ದಿನ ಗಂಟಲು ಕಟ್ಟಿ ಕಾಲೇಜ್ ಡೇಯಲ್ಲಿ ಹಾಡೋಕೆ ಹೋಗೋರು ಇದನ್ನ ಓದ್ತಿದ್ರೆ, ಹೌದು, ನಿಮಗೇ ಹೇಳ್ತಿರೋದು 😄

ಖಯಾಲ್, ಠುಮ್ರಿ, ನಾಟ್ಯಗೀತೆ, ವಚನ, ದಾಸರ ಪದ, ಎಲ್ಲಾ ಹಾಡಿದ್ರು. ಒಂದೇ ದಾರಿ ಹಿಡಿದಿದ್ರೆ ಹೆಸರು ಇನ್ನೂ ದೊಡ್ಡದಾಗ್ತಿತ್ತಾ ಅಂತ ಕೇಳಬಹುದು. ಆದ್ರೆ ರಾಗ ಗೊತ್ತಿಲ್ಲದ ನಮ್ಮಂಥವರ ಮನೆಗೆ ಅವರು ಬಂದಿದ್ದು ವಚನದ ದಾರಿಯಲ್ಲೇ. 1975ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ. ಅದೇ 1991ರ ಜುಲೈನಲ್ಲಿ ತೀರಿಕೊಂಡ್ರು.

ಯೂಟ್ಯೂಬ್‌ನಲ್ಲಿ ಅವರ ರೆಕಾರ್ಡಿಂಗ್ ಬೇಕಾದಷ್ಟಿವೆ. ಮೊದಲು ಒಂದು ವಚನ ಕೇಳಿ, ಇಯರ್‌ಫೋನ್ ಹಾಕ್ಕೊಂಡು, ರಾತ್ರಿ ಕರೆಂಟ್ ಹೋದಾಗ. ಭಾಗ 8ರಲ್ಲಿ ಕಂಪಿಲರಾಯ ಮತ್ತು ಕುಮ್ಮಟದುರ್ಗ.

#ಕಂಪ್ಲಿ #ಹಂಪಿ #ಬಸವರಾಜರಾಜಗುರು #ನಮ್ಮೂರಇತಿಹಾಸ